ಕೈಹೊಲಿಗೆಯ ತೇಪೆ ಕೌದಿ: ಬ್ಲಾಕ್‌ಗಳು ಕೂಡುತ್ತಿವೆ, ಒಳಪದರಕ್ಕೆ ಏನು ಹಾಕಲಿ?

ಕದ್ರಿ_ಸೂಜಿದಾರ

ಎಲ್ಲರಿಗೂ ನಮಸ್ಕಾರ. ಚೌತಿ ಕಳೆದಂದಿನಿಂದ ಕೈಯಲ್ಲೇ ತೇಪೆ ಕೌದಿಯ ಬ್ಲಾಕ್‌ಗಳನ್ನು ಹೊಲಿಯುತ್ತಿದ್ದೇನೆ. ಹೊಲಿಗೆ ಮಷಿನ್ ಮನೆಯಲ್ಲೇ ಇದೆ, ಬೇಕೆಂದೇ ಮುಟ್ಟಿಲ್ಲ. ಮಗಳ ಸಂಗೀತ ಪಾಠ ಮುಗಿಯುವ ತನಕ ಹೊರಗೆ ಕಾಯುವಾಗ, ಕುಕ್ಕರ್ ಕೂಗುವ ತನಕ, ರಾತ್ರಿ ಊಟದ ಪಾತ್ರೆ ತೊಳೆದಾದ ಮೇಲೆ, ಹೀಗೆ ಸಿಕ್ಕಿದ ಹೊತ್ತಿನಲ್ಲಿ ಎರಡೆರಡು ತುಂಡು ಕೂಡಿಸುತ್ತೇನೆ.

ನನ್ನದು ತೀರಾ ಸರಳವಾದ ಒಂಬತ್ತು ಚೌಕದ ಬ್ಲಾಕ್. ಐದು ತಿಳಿ ಬಣ್ಣ, ನಾಲ್ಕು ಗಾಢ ಬಣ್ಣ. ಹೊಲಿದ ಮೇಲೆ ಒಂದೊಂದು ಚೌಕ 3 ಅಂಗುಲ, ಇಡೀ ಬ್ಲಾಕ್ 9 ಅಂಗುಲ. ಸಿಂಗಲ್ ಮಂಚಕ್ಕೆ ಅಡ್ಡಕ್ಕೆ 7, ಉದ್ದಕ್ಕೆ 10, ಒಟ್ಟು 70 ಮನೆ. ತೇಪೆ ಬ್ಲಾಕ್ ಒಂದು, ಸಾದಾ ಬಟ್ಟೆಯ ಚೌಕ ಒಂದು, ಹೀಗೆ ಚದುರಂಗದ ಹಾಸಿನ ಕ್ರಮದಲ್ಲಿ ಜೋಡಿಸುವ ಯೋಚನೆ. ಅಲ್ಲಿಗೆ 35 ತೇಪೆ ಬ್ಲಾಕ್ ಸಾಕು. ಬಟ್ಟೆ ಅಮ್ಮನ ವಾಯಿಲ್ ಸೀರೆಗಳದ್ದು, ಟೈಲರ್ ಅಂಗಡಿಯ ಚಿಂದಿ, ಸ್ವಲ್ಪ ಹೊಸ ಪಾಪ್ಲಿನ್.

ಪ್ರಶ್ನೆ ಎರಡು. ಒಳಪದರಕ್ಕೆ ಏನು ಹಾಕಬೇಕು? ವಿಡಿಯೊಗಳಲ್ಲಿ ಎಲ್ಲರೂ ದಪ್ಪ ಹತ್ತಿಯ ಹಾಳೆ ಹಾಕುತ್ತಾರೆ. ಡಿಸೆಂಬರಿನಲ್ಲೂ ಫ್ಯಾನ್ ಬೇಕಾಗುವ ಮಂಗಳೂರಿನಲ್ಲಿ ಅದನ್ನು ಹೊದ್ದುಕೊಳ್ಳುವವರು ಯಾರು? ಎರಡನೆಯದು, ಜೂನ್ ಬಂದರೆ ಈ ಬ್ಲಾಕ್‌ಗಳನ್ನು ಬೂಷ್ಟಿನಿಂದ ಕಾಪಾಡುವುದು ಹೇಗೆ?

ಅತ್ತಿಗೆ ಮಾತ್ರ, "ಮಷಿನಿಗೆ ಕೊಡು, ವಾರದಲ್ಲಿ ಮುಗಿಯುತ್ತದೆ" ಎಂದು ಪ್ರತಿ ಸಲ ಹೇಳುತ್ತಾರೆ. ನನಗೆ ಮುಗಿಸುವ ಅವಸರವಿಲ್ಲ. ಹೊಲಿಯುವುದೇ ನನಗೆ ಬೇಕಾಗಿರುವುದು.

ಕುಂದಾಪುರದ_ಶಾರದೆ

ದಪ್ಪ ಹತ್ತಿಯ ಹಾಳೆ ಖಂಡಿತ ಬೇಡ ತಂಗಿ. ಮಳೆಗಾಲದಲ್ಲಿ ಒಮ್ಮೆ ಒದ್ದೆಯಾದರೆ ಒಣಗುವುದಿಲ್ಲ, ಮುಗ್ಗು ವಾಸನೆ ಹಿಡಿದು ಕೂರುತ್ತದೆ. ನಮ್ಮ ಕಡೆಯ ಹಳೆಯ ಗೋದಡಿಗಳಲ್ಲಿ ಹತ್ತಿ ಇರುತ್ತಲೇ ಇರಲಿಲ್ಲ. ಒಳಗೂ ಸೀರೆ, ಹೊರಗೂ ಸೀರೆ. ಚೆನ್ನಾಗಿ ಒಗೆದು ಮೆತ್ತಗಾದ ಹತ್ತಿ ಸೀರೆಯ ಎರಡು ಪದರ ಹಾಕಿ. ಅಡಿಗೆ ಇನ್ನೊಂದು ಸೀರೆ. ಅಷ್ಟಾದರೆ ಮಳೆಗಾಲದ ರಾತ್ರಿಗೂ ಸಾಕು, ಬೇಸಗೆಯಲ್ಲಿ ಹಾಸಿಕೊಳ್ಳಲೂ ಸಾಕು.

ಒಂದು ಮಾತು. ಸೀರೆಯ ಪದರ ಹಾಕಿದರೆ ಎಲ್ಲ ಪದರ ಸೇರಿಸಿ ಹೊಲಿಯುವ ಸಾಲುಗಳು ಎರಡು ಬೆರಳಿಗಿಂತ ದೂರ ಇರಬಾರದು. ದೂರ ಬಿಟ್ಟರೆ ಒಗೆದಾಗ ಒಳಗಿನ ಸೀರೆ ಸರಿದು ಒಂದು ಮೂಲೆಗೆ ಗಂಟಾಗಿ ಸೇರಿಕೊಳ್ಳುತ್ತದೆ.

ಬಿಜೈ_ಟೈಲರ್

ನಿಮ್ಮ ಅತ್ತಿಗೆ ಹೇಳಿದ್ದರಲ್ಲಿ ಏನು ತಪ್ಪಿದೆ? ಕೈಹೊಲಿಗೆ ಚೆಂದ, ಒಪ್ಪುತ್ತೇನೆ. ಆದರೆ ದಿನಾ ಬಳಸುವ ಹೊದಿಕೆಗೆ ಬಾಳಿಕೆ ಬೇಕು. ಮಷಿನಿನಲ್ಲಿ ಮೇಲಿನ ದಾರ, ಬಾಬಿನ್ ದಾರ ಎರಡೂ ಒಂದಕ್ಕೊಂದು ಹೆಣೆದುಕೊಂಡು ಬೀಗ ಬೀಳುತ್ತದೆ. ಕೈಯ ರನ್ನಿಂಗ್ ಹೊಲಿಗೆಯಲ್ಲಿ ಇರುವುದು ಒಂದೇ ಎಳೆ. ಎಲ್ಲಾದರೂ ತುಂಡಾದರೆ ಇಡೀ ಸಾಲು ಸಡಿಲ. ಬ್ಲಾಕ್ ಕೂಡಿಸುವುದು ಮಷಿನಿನಲ್ಲಿ ಆಗಲಿ, ಮೇಲಿನ ಕೌದಿ ಹೊಲಿಗೆ ಕೈಯಲ್ಲಿ ಹಾಕಿ. ಎರಡೂ ಆಸೆ ತೀರುತ್ತದೆ.

ಸೂಜಿಮಲ್ಲಿಗೆ

ಬಿಜೈ ಅಣ್ಣ, ಹೇಗೆ ಹೊಲಿಯುತ್ತೇವೆ ಎಂಬುದರ ಮೇಲೆ ಅದೆಲ್ಲ ಹೋಗುತ್ತದೆ. ಅಂಗುಲಕ್ಕೆ 8ರಿಂದ 10 ಹೊಲಿಗೆ ಬೀಳಬೇಕು. ಶುರುವಿನಲ್ಲಿ ಒಂದು ಬ್ಯಾಕ್ ಸ್ಟಿಚ್ (ಸೂಜಿ ಹಿಂದಕ್ಕೆ ತಂದು ಹಾಕುವ ಹೊಲಿಗೆ), ಕೊನೆಯಲ್ಲಿ ಒಂದು, ನಡುನಡುವೆ ಸೂಜಿಯ ತುಂಬ ಹೊಲಿಗೆ ಪೋಣಿಸಿ ಎಳೆದಾಗಲೆಲ್ಲ ಒಂದು. ಹಾಗೆ ಮಾಡಿದರೆ ಒಂದು ಕಡೆ ಎಳೆ ಹೋದರೂ ಇಡೀ ಸಾಲು ಬಿಚ್ಚಿಕೊಳ್ಳುವುದಿಲ್ಲ, ಮುಂದಿನ ಬ್ಯಾಕ್ ಸ್ಟಿಚ್‌ನಲ್ಲಿ ನಿಲ್ಲುತ್ತದೆ. ದಾರವೂ ಹತ್ತಿಯದೇ ಆಗಬೇಕು. ಬಟ್ಟೆಗಿಂತ ದಾರ ಗಟ್ಟಿಯಾಗಿರಬಾರದು. ಎಳೆತ ಬಿದ್ದಾಗ ದಾರ ತುಂಡಾದರೆ ಮತ್ತೆ ಹೊಲಿಯಬಹುದು, ಅಮ್ಮನ ಸೀರೆ ಹರಿದರೆ ಏನು ಮಾಡುವುದು?

ಬ್ಲಾಕ್ ಕೂಡಿಸುವಾಗ ಕೈಹೊಲಿಗೆಗೆ ಇರುವ ದೊಡ್ಡ ಅನುಕೂಲವನ್ನು ಹೊಸಬರಿಗಾಗಿ ಬರೆಯುತ್ತೇನೆ. ಮಷಿನಿನವರು ಬಟ್ಟೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೊಲಿಯುತ್ತಾರೆ. ನಾವು ಹಾಗಲ್ಲ. 3 ಅಂಗುಲದ ಗಟ್ಟಿ ಕಾಗದದ ಅಚ್ಚನ್ನು ಬಟ್ಟೆಯ ಹಿಂಬದಿಗೆ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತೇವೆ. ಅದು ಹೊಲಿಗೆಯ ಗೆರೆ. ಕತ್ತರಿಸುವುದು ಅದರ ಹೊರಗೆ ಅಂದಾಜು ಕಾಲು ಅಂಗುಲ ಬಿಟ್ಟು. ಹೊಲಿಗೆ ಮೂಲೆಯ ಚುಕ್ಕೆಯಿಂದ ಮೂಲೆಯ ಚುಕ್ಕೆಗೆ ಮಾತ್ರ, ಅಂಚಿನವರೆಗೆ ಇಲ್ಲ. ಎರಡು ಸಾಲು ಸೇರಿಸುವಾಗ ನಾಲ್ಕು ಚೌಕ ಕೂಡುವ ಜಾಗ ಬಂದರೆ ಹಿಂದೆ ಮಡಚಿರುವ ಬಟ್ಟೆಯನ್ನು ಸೇರಿಸಿ ಹೊಲಿಯಬಾರದು. ಅದನ್ನು ನಿಲ್ಲಿಸಿ ಹಿಡಿದು, ಬುಡದಲ್ಲಿ ಸೂಜಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿ, ಒಂದು ಬ್ಯಾಕ್ ಸ್ಟಿಚ್ ಹಾಕಿ ಮುಂದೆ ಹೋಗಬೇಕು. ಆಗ ಹಿಂಬದಿಯ ಮಡಿಕೆಗಳು ನಾಲ್ಕೂ ಒಂದೇ ಸುತ್ತಿನಲ್ಲಿ ಗಿರಗಿಟ್ಲೆಯ ರೆಕ್ಕೆಗಳಂತೆ ಮಲಗುತ್ತವೆ, ನಡುವೆ ಗಡ್ಡೆ ಬರುವುದಿಲ್ಲ.

ಬಾಳಿಕೆಯ ಮಾತಿಗೆ: ಬ್ರಿಟನ್ನಿನಲ್ಲಿ 1718ನೇ ಇಸವಿ ನಮೂದಾಗಿರುವ ರೇಷ್ಮೆಯ ತೇಪೆ ಹೊದಿಕೆಯೊಂದು ಇವತ್ತಿಗೂ ಇದೆ. ಅಲ್ಲಿನ ಕೌದಿಗಾರರ ಸಂಘದ ಸಂಗ್ರಹದಲ್ಲಿದೆ. ಪೂರ್ತಿ ಕೈಹೊಲಿಗೆ.

ಬಿಜೈ_ಟೈಲರ್

ಅದನ್ನು ಗಾಜಿನೊಳಗೆ ಇಟ್ಟಿರುತ್ತಾರೆ ಮಾರಾಯರೇ. ನಮ್ಮದನ್ನು ಒಗೆಯುವ ಕಲ್ಲಿಗೆ ಬಡಿಯುತ್ತಾರೆ.

ಸೂಜಿಮಲ್ಲಿಗೆ

ಕೈಯಲ್ಲಿ ಹೊಲಿದದ್ದನ್ನು ಕಲ್ಲಿಗೆ ಬಡಿಯುವವರ ಕೈಗೆ ಕೊಡಬೇಡಿ. ಬಕೆಟ್ಟಿನಲ್ಲಿ ನೆನೆಸಿ, ಹಿಂಡದೆ, ನೆರಳಿನಲ್ಲಿ ಹರವಿದರೆ ಮುಗಿಯಿತು.

ಗಣಿತದ_ಮಾಸ್ಟ್ರು

ಕದ್ರಿಯವರ ಲೆಕ್ಕ ನೋಡಿ ಸಂತೋಷವಾಯಿತು. ಒಂದು ವಿಷಯ ಗಮನಿಸಬೇಕು. ಹೊಲಿಗೆ ಗೆರೆ ಬಿಟ್ಟು ಅಂಗುಲದ ಹದಿನಾರನೇ ಒಂದು ಭಾಗದಷ್ಟು ಒಳಗೆ ಬಿದ್ದಿತು ಎಂದುಕೊಳ್ಳಿ. ಕಣ್ಣಿಗೆ ಕಾಣಿಸುವಂಥದ್ದಲ್ಲ. ಆದರೆ ಹೊಲಿಗೆಯ ಎರಡೂ ಬದಿಯಲ್ಲಿ ಅಷ್ಟಷ್ಟು ಹೋಗುವುದರಿಂದ ಒಂದು ಹೊಲಿಗೆಗೆ ಅಂಗುಲದ ಎಂಟನೇ ಒಂದು ಭಾಗ ಕಡಿಮೆಯಾಗುತ್ತದೆ.

ಈಗ ನಿಮ್ಮ ಮೊದಲ ಸಾಲು ನೋಡಿ. 4 ತೇಪೆ ಬ್ಲಾಕ್, 3 ಸಾದಾ ಚೌಕ. ತೇಪೆ ಬ್ಲಾಕಿನ ಒಳಗೆ ಎರಡೆರಡು ಹೊಲಿಗೆ, ಅಂದರೆ 8. ಮನೆಮನೆ ಕೂಡಿಸುವುದಕ್ಕೆ 6. ಒಟ್ಟು 14 ಹೊಲಿಗೆ, ಒಂದೂ ಮುಕ್ಕಾಲು ಅಂಗುಲ ಹೋಯಿತು. ಎರಡನೇ ಸಾಲಿನಲ್ಲಿ 3 ತೇಪೆ, 4 ಸಾದಾ. ಹೊಲಿಗೆ 12, ಹೋದದ್ದು ಒಂದೂವರೆ ಅಂಗುಲ. ಪಕ್ಕಪಕ್ಕದ ಎರಡು ಸಾಲುಗಳ ನಡುವೆ ಕಾಲು ಅಂಗುಲದ ವ್ಯತ್ಯಾಸ! ಹತ್ತು ಸಾಲು ಜೋಡಿಸುವಾಗ ಮೂಲೆಗೆ ಮೂಲೆ ಎಲ್ಲಿಂದ ಕೂಡಬೇಕು? ಆದ್ದರಿಂದ ಪ್ರತಿ ಹೊಲಿಗೆ ಮುಗಿದ ಕೂಡಲೇ ಬಟ್ಟೆ ಮಗುಚಿ, ಹಿಂದಿನ ಗೆರೆಯ ಮೇಲೂ ಸೂಜಿ ಬಂದಿದೆಯೇ ಎಂದು ನೋಡಿ. ಸಾದಾ ಚೌಕವನ್ನು 9 ಅಂಗುಲಕ್ಕೆ ಈಗಲೇ ಕತ್ತರಿಸಿ ಇಡಬೇಡಿ. ಬ್ಲಾಕ್‌ಗಳೆಲ್ಲ ಆದ ಮೇಲೆ ಅಳೆದು, ಬಂದ ಅಳತೆಗೆ ಕತ್ತರಿಸಿ.

ಮೂಡುಬಿದಿರೆ_ಮಂಗಳಾ

ಮಾಸ್ಟ್ರೇ, ಕೊನೆಯ ಎರಡು ವಾಕ್ಯ ಬರೆದಿಟ್ಟುಕೊಂಡೆ.

ಹಳಿಯಾಳದ_ಮೊಮ್ಮಗಳು

ಎಲ್ಲರೂ ಬ್ಲಾಕ್ ಬ್ಲಾಕ್ ಎನ್ನುತ್ತಿದ್ದೀರಿ. ನನ್ನ ತವರು ಹಳಿಯಾಳದ ಕಡೆ, ಈಗ ಇರುವುದು ಉಡುಪಿಯಲ್ಲಿ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ ನೋಡಿದ್ದೀರಾ? ಅದರಲ್ಲಿ ಬ್ಲಾಕೂ ಇಲ್ಲ, ಅಚ್ಚೂ ಇಲ್ಲ, ಅಳತೆಪಟ್ಟಿಯೂ ಇಲ್ಲ. ಹಳೆಯ ಸೀರೆಯನ್ನು ಅಡಿಗೆ ಹರಡುತ್ತಾರೆ. ಒಂದು ಮೂಲೆಯಲ್ಲಿ ಶುರು ಮಾಡಿ, ಅಂಚಿನ ಗುಂಟ ತುಂಡು ಬಟ್ಟೆಗಳನ್ನು ಮಡಚಿ ಇಡುತ್ತ, ಎಲ್ಲ ಪದರಕ್ಕೂ ಸೇರಿಸಿ ಚಿಕ್ಕ ರನ್ನಿಂಗ್ ಹೊಲಿಗೆ ಹಾಕುತ್ತ, ಸುತ್ತು ಸುತ್ತಾಗಿ ಒಳಗೆ ಬರುತ್ತಾರೆ. ನಡುವಿಗೆ ಬಂದಾಗ ಕೌದಿಯೇ ಮುಗಿದಿರುತ್ತದೆ. ತೇಪೆ ಹಾಕುವುದು, ಪದರ ಸೇರಿಸುವುದು, ಅಂಚು ಕಟ್ಟುವುದು ಎಲ್ಲ ಒಂದೇ ಕೆಲಸ.

ಕೊನೆಗೆ ನಾಲ್ಕು ಮೂಲೆಗೂ ಬಣ್ಣಬಣ್ಣದ ಬಟ್ಟೆಯನ್ನು ಪದರ ಪದರ ಮಡಚಿದ ತ್ರಿಕೋನದ "ಫೂಲ" ಇಡುತ್ತಾರೆ. ಫೂಲ ಇಲ್ಲದ ಕೌದಿ ಬೆತ್ತಲೆ ಎಂಬುದು ಅವರ ಮಾತು. ಒಮ್ಮೆ ಆ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಹೊಲಿದವರ ಕಣ್ಣು ಬಣ್ಣದಲ್ಲಿ ಎಷ್ಟು ಪಳಗಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಕಾರ್ಕಳ_ಕರಿಕಲ್ಲು

ಇದನ್ನೇ ನಾನು ಹೇಳಬೇಕೆಂದಿದ್ದೆ. ನಮ್ಮದೇ ಕೌದಿ ಇರುವಾಗ ಒಂಬತ್ತು ಚೌಕ, ಮರದ ದಿಮ್ಮಿಯ ಮನೆ, ಹಾರುವ ಬಾತುಕೋಳಿ ಎಂದು ಅಮೆರಿಕದ ನಮೂನೆಗಳ ಹಿಂದೆ ಏಕೆ ಹೋಗಬೇಕು? ಅಲ್ಲಿನ ಚಳಿಗೆ, ಅಲ್ಲಿನ ಮನೆಗೆ ಹುಟ್ಟಿದ ನಮೂನೆ ಅವು.

ಕದ್ರಿ_ಸೂಜಿದಾರ

ಚೌಕಕ್ಕೆ ಚೌಕ ಹೊಂದಿಸುವುದು ಯಾರ ಸ್ವತ್ತೂ ಅಲ್ಲ ಅಣ್ಣ. ನಮ್ಮ ಮನೆಯ ಅಂಗಳದ ರಂಗೋಲಿಯಲ್ಲೂ ಚೌಕ ಇದೆ. ನಾನು ಹೊಲಿಯುವ ಬಟ್ಟೆ ಅಮ್ಮನದು, ಹೊದ್ದುಕೊಳ್ಳುವವಳು ನನ್ನ ಮಗಳು. ನಮೂನೆ ಎಲ್ಲಿಂದ ಬಂದರೂ ಕೌದಿ ನಮ್ಮ ಮನೆಯದೇ.

ಸೂಜಿಮಲ್ಲಿಗೆ

ಅಮೆರಿಕದವರು ಎಂದರೆ ಎಲ್ಲರೂ ಅಂಗಡಿಯಿಂದ ಹೊಸ ಬಟ್ಟೆ ತಂದು ಕತ್ತರಿಸುವವರಲ್ಲ ಕರಿಕಲ್ಲು ಅವರೇ. ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದ ಕೆಲಸಕ್ಕೆ ತೊಟ್ಟು ಸವೆದ ಪ್ಯಾಂಟು, ಅಂಗಿಗಳಿಂದ ಹೊಲಿದ ಹೊದಿಕೆಗಳನ್ನು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಇಟ್ಟರು. 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಮೈ ಬೆಚ್ಚಗಿಡಲು ಹೊಲಿದದ್ದು ಅದು, ನಮ್ಮ ಕೌದಿಯ ಕಥೆಯೂ ಅದೇ. ಬಂಗಾಳದ ಕಾಂಥಾ ನೋಡಿ. ಹಳೆಯ ಸೀರೆಗಳ ಪದರ, ಹೊಲಿಯುವ ದಾರವನ್ನೂ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರು. ಬಡತನ ಇದ್ದಲ್ಲೆಲ್ಲ ಹೆಂಗಸರು ಇದನ್ನು ತಾವೇ ಕಂಡುಕೊಂಡಿದ್ದಾರೆ.

ಕಾರ್ಕಳ_ಕರಿಕಲ್ಲು

ಗೀಸ್ ಬೆಂಡ್ ವಿಷಯ ಒಪ್ಪುತ್ತೇನೆ. ಆದರೂ ನಮ್ಮವರ ಕೌದಿಗೆ ಅಷ್ಟು ದೊಡ್ಡ ಗೋಡೆ ಸಿಗುವ ತನಕ ನಾನು ಇದನ್ನೇ ಹೇಳುತ್ತಿರುತ್ತೇನೆ.

ಹಳಿಯಾಳದ_ಮೊಮ್ಮಗಳು

ಹೇಳುತ್ತಲೇ ಇರಿ. ಕೊಳ್ಳುವಾಗ ಚೌಕಾಸಿಯನ್ನೂ ಮಾಡಬೇಡಿ. ತಿಂಗಳುಗಟ್ಟಲೆ ಕೂತು ಹೊಲಿದದ್ದಕ್ಕೆ ಅಂಗಡಿಯ ಬೆಡ್‌ಶೀಟಿನ ಬೆಲೆ ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬಂಟ್ವಾಳದ_ಬೇಬಿ

ಅಕ್ಕಂದಿರೇ, ಬೂರುಗದ ಹತ್ತಿ ತುಂಬಿಸಿದರೆ ಹೇಗೆ? ನಮ್ಮಲ್ಲಿ ಮರ ಇದೆ, ದಿಂಬಿಗೆ ಅದನ್ನೇ ತುಂಬುವುದು.

ಕುಂದಾಪುರದ_ಶಾರದೆ

ದಿಂಬಿಗೆ ಸರಿ, ಕೌದಿಗೆ ಬೇಡ. ಅದರ ಎಳೆ ಜಾರುತ್ತದೆ, ಒಂದಕ್ಕೊಂದು ಹಿಡಿದುಕೊಳ್ಳುವುದಿಲ್ಲ. ಒಗೆದರೆ ಉಂಡೆ ಕಟ್ಟುತ್ತದೆ. ಹೊಲಿಗೆಯ ಸಂದಿನಿಂದ ಹೊರಬಂದು ಮೂಗಿಗೂ ಹೋಗುತ್ತದೆ.

ಅಳಪೆ_ಅಮ್ಮಿ

ವಾಯಿಲ್ ಸೀರೆ ಕತ್ತರಿಸುವಾಗ ಜಾರಿ ಓರೆಯಾಗುತ್ತದೆಯೇ ಕದ್ರಿ ಅಕ್ಕಾ? ಗಂಜಿ ಹಾಕಿ ಇಸ್ತ್ರಿ ಮಾಡಿ. ಕಾಗದ ಹಿಡಿದಂತೆ ನಿಲ್ಲುತ್ತದೆ, ಪೆನ್ಸಿಲ್ ಗೆರೆಯೂ ನೇರ ಬರುತ್ತದೆ. ಕುಚ್ಚಲಕ್ಕಿ ಬಸಿದ ಗಂಜಿಯನ್ನು ತೆಳ್ಳಗೆ ಮಾಡಿ ಸೋಸಿದರೆ ಸಾಕು.

ಕುಂದಾಪುರದ_ಶಾರದೆ

ಕುಚ್ಚಲಕ್ಕಿಯದು ಬೇಡ, ತಿಳಿ ಬಣ್ಣದ ಬಟ್ಟೆಗೆ ಕೆಂಪು ಛಾಯೆ ಹಿಡಿಯುತ್ತದೆ. ಬಿಳಿಯ ಬೆಳ್ತಿಗೆ ಅಕ್ಕಿಯ ಗಂಜಿ ಮಾಡಿ.

ಅಳಪೆ_ಅಮ್ಮಿ

ನಮ್ಮ ಅಜ್ಜ ಬಿಳಿ ಪಂಚೆಗೇ ಕುಚ್ಚಲಕ್ಕಿ ಗಂಜಿ ಹಾಕಿಸುತ್ತಿದ್ದರು. ಒಂದು ದಿನವೂ ಕೆಂಪಾಗಿರಲಿಲ್ಲ. ತೆಳ್ಳಗೆ ಮಾಡಬೇಕು ಎಂದೆನಲ್ಲ.

ಸುರತ್ಕಲ್_ಸುಮನಾ

ಯಾವ ಅಕ್ಕಿಯಾದರೂ ಸರಿ, ಗಂಜಿ ಹಾಕಿದ ಬಟ್ಟೆಯನ್ನು ಹಾಗೆಯೇ ಮಳೆಗಾಲಕ್ಕೆ ಒಳಗೆ ಇಡಬೇಡಿ! ಬೆಳ್ಳಿಮೀನು ಹುಳ ಬರುವುದೇ ಗಂಜಿ ತಿನ್ನಲು. ಮೇ ತಿಂಗಳ ಬಿಸಿಲಿನಲ್ಲಿ ಆಗಿರುವ ಬ್ಲಾಕ್‌ಗಳನ್ನೆಲ್ಲ ಸೋಪು ನೀರಿನಲ್ಲಿ ಜಾಲಿಸಿ, ಗಂಜಿ ತೆಗೆದು, ಎರಡು ಮೂರು ಬಿಸಿಲು ಕೊಟ್ಟು, ಹಳೆಯ ಹತ್ತಿ ದಿಂಬಿನ ಚೀಲದಲ್ಲಿ ಹಾಕಿ ಇಡಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಕಪಾಟಿನ ಗೋಡೆಗೆ ತಾಗಿಸದೆ ನಡುವಿನ ಹಲಗೆಯಲ್ಲಿ ಇಡಬೇಕು. ಮಳೆ ಬಿಟ್ಟು ಬಿಸಿಲು ಬಂದ ದಿನ ತಪ್ಪದೆ ಹೊರಗೆ ಹರವಿ.

ಇನ್ನೊಂದು, ಸೂಜಿಯನ್ನು ಬ್ಲಾಕಿಗೇ ಚುಚ್ಚಿ ಎದ್ದು ಹೋಗಬೇಡಿ. ನಮ್ಮ ಕರಾವಳಿಯ ಗಾಳಿಗೆ ಬಹಳ ಬೇಗ ತುಕ್ಕು ಹಿಡಿಯುತ್ತದೆ, ಆ ಕಂದು ಚುಕ್ಕೆ ಹೋಗುವುದು ಕಷ್ಟ. ಉಣ್ಣೆಯ ಬಟ್ಟೆಯ ತುಂಡಿಗೆ ಚುಚ್ಚಿ, ಮುಚ್ಚಳ ಬಿಗಿಯಾಗಿರುವ ಸಣ್ಣ ಡಬ್ಬಿಯಲ್ಲಿ ಇಡಿ. ಮಾತ್ರೆ ಬಾಟಲಿಯಲ್ಲಿ ತೇವ ಹೀರಲು ಹಾಕಿರುವ ಪುಟ್ಟ ಪೊಟ್ಟಣ ಇರುತ್ತದಲ್ಲ, ಅದನ್ನೂ ಒಳಗೆ ಹಾಕಿ.

ಮೂಡುಬಿದಿರೆ_ಮಂಗಳಾ

ತುಕ್ಕಿನ ಕಲೆಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗೆ ಇಟ್ಟರೆ ಬಿಳಿ ಬಟ್ಟೆಯಲ್ಲಿ ಹೋಗುತ್ತದೆ. ಬಣ್ಣದ ಬಟ್ಟೆಗೆ ಮಾತ್ರ ಜೋಕೆ, ಬಣ್ಣವೂ ಹೋಗಬಹುದು.

ಉಪ್ಪಿನ ಮಾತು ಬಂತೆಂದು ಹೇಳುತ್ತೇನೆ. ಹೊಸ ಪಾಪ್ಲಿನ್ ತಂದರೆ ರಾತ್ರಿಯಿಡೀ ಉಪ್ಪು ನೀರಿನಲ್ಲಿ ನೆನೆಸಿ, ಬಣ್ಣ ಗಟ್ಟಿಯಾಗುತ್ತದೆ.

ಬಣ್ಣದ_ತೊಟ್ಟಿ

ಇಲ್ಲ ಮಂಗಳಾ ಅವರೇ. ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿದ್ದವನು ನಾನು, ಈ ಮಾತು ಎಲ್ಲೆಲ್ಲೂ ಕೇಳುತ್ತೇನೆ. ಬಣ್ಣದ ತೊಟ್ಟಿಗೆ ನಾವು ಉಪ್ಪು ಹಾಕುವುದು ನಿಜ. ನೀರಿನಲ್ಲಿ ಕರಗಿರುವ ಬಣ್ಣವನ್ನು ಹತ್ತಿಯ ಎಳೆಯ ಕಡೆಗೆ ತಳ್ಳಲು ಅದು ಬೇಕು. ಆದರೆ ಬಣ್ಣ ಹಾಕಿ ಮುಗಿದು ಅಂಗಡಿಗೆ ಬಂದ ಬಟ್ಟೆಗೆ ಮನೆಯಲ್ಲಿ ಉಪ್ಪು ನೀರು ಕೊಟ್ಟರೆ ಏನೂ ಗಟ್ಟಿಯಾಗುವುದಿಲ್ಲ. ಬಿಡುತ್ತಿರುವುದು ಎಳೆಗೆ ಹಿಡಿಯದೆ ಮೇಲೆ ಕೂತಿರುವ ಹೆಚ್ಚಿನ ಬಣ್ಣ. ಅದು ಹೊರಗೆ ಹೋಗಬೇಕು. ಬಿಸಿ ನೀರು, ಸೋಪು, ನೀರು ತಿಳಿಯಾಗುವ ತನಕ ತೊಳೆಯುವುದು, ಇಷ್ಟೇ ದಾರಿ. ತೊಳೆದ ಮೇಲೆ ಒದ್ದೆ ಇರುವಾಗಲೇ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಹಾಕಿ ನೋಡಿ. ಬಿಳಿಗೆ ಹತ್ತಿದರೆ ಆ ಬಟ್ಟೆ ನಿಮ್ಮ ಕೌದಿಗೆ ಬೇಡ. ಕಡು ಕೆಂಪು, ಕಪ್ಪು, ಕಡು ನೀಲಿ ಈ ಮೂರನ್ನು ಯಾವತ್ತೂ ನಂಬಬೇಡಿ.

ಮೂಡುಬಿದಿರೆ_ಮಂಗಳಾ

ನಮ್ಮ ಅತ್ತೆ ಜೀವನಪೂರ್ತಿ ಉಪ್ಪು ನೀರೇ ಹಾಕಿದ್ದಾರೆ, ಅವರ ಸೀರೆ ಒಂದೂ ಬಣ್ಣ ಬಿಟ್ಟಿಲ್ಲ.

ಬಣ್ಣದ_ತೊಟ್ಟಿ

ರಾತ್ರಿಯಿಡೀ ನೆನೆಸಿ ಬೆಳಿಗ್ಗೆ ಜಾಲಿಸಿದರಲ್ಲ, ಹೆಚ್ಚಿನ ಬಣ್ಣ ಆ ನೀರಿನಲ್ಲಿ ಹೋಗಿದೆ. ಉಪ್ಪು ಹಾಕದೆಯೂ ಹೋಗುತ್ತಿತ್ತು.

ಬಿಜೈ_ಟೈಲರ್

ಅಂಗಡಿಯಿಂದ ಚಿಂದಿ ಒಯ್ಯುವವರಿಗೆ ನನ್ನದೊಂದು ಸೂಚನೆ. ನಾವು ಕೊಡುವ ಚೀಲದಲ್ಲಿ ಹತ್ತಿ, ಪಾಲಿಯೆಸ್ಟರ್, ಮಿಶ್ರ ಎಲ್ಲವೂ ಇರುತ್ತದೆ. ಒಂದೆರಡು ಎಳೆ ಬಿಡಿಸಿ ಬೆಂಕಿಗೆ ಹಿಡಿಯಿರಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಿಶ್ರ ಬಟ್ಟೆ ಇಸ್ತ್ರಿಗೆ ಮಡಿಕೆ ನಿಲ್ಲುವುದಿಲ್ಲ, ಪಕ್ಕದ ಹತ್ತಿ ತುಂಡು ಕುಗ್ಗಿದಾಗ ಇದು ಕುಗ್ಗುವುದಿಲ್ಲ. ಬ್ಲಾಕ್ ಉಬ್ಬಿಕೊಳ್ಳುತ್ತದೆ. ರವಿಕೆಯ ಲೈನಿಂಗ್ ತುಂಡು, ಟು ಬೈ ಟು ರುಬಿಯಾ ತುಂಡು ಸಿಕ್ಕಿದರೆ ಬಿಡಬೇಡಿ.

ಸೂಜಿಮಲ್ಲಿಗೆ

ಬಿಜೈ ಅಣ್ಣ ಈಗ ನಮ್ಮ ಕಡೆಗೆ ಬಂದರು!

ಬಿಜೈ_ಟೈಲರ್

ಬಟ್ಟೆಯ ವಿಷಯದಲ್ಲಿ ಬಂದಿದ್ದೇನೆ. ಮಷಿನಿನ ವಿಷಯದಲ್ಲಿ ಇಲ್ಲ.

ಮಲ್ಪೆ_ಬಲೆ

ಗಂಡಸರು ಬರೆಯಬಹುದಾದರೆ ಒಂದು ಮಾತು. ಜೂನ್ 1ರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ನಾವು ಬಲೆ ದುರಸ್ತಿಗೆ ಕೂರುತ್ತೇವೆ. ಹರಿದ ಕಣ್ಣನ್ನು ಕತ್ತರಿಸಿ ಸರಿಮಾಡಿ, ಅದೇ ಅಳತೆಯ ಕಣ್ಣು ಹೆಣೆದು ಕೂಡಿಸುವುದು. ಅಳತೆ ತಪ್ಪಿದರೆ ಬಲೆ ಅಲ್ಲೇ ಎಳೆದುಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಿ ಹೆಂಡತಿ ಹೊಲಿಯುವ ಆರು ಮೂಲೆಯ ತುಂಡುಗಳನ್ನು ನೋಡಿ ನಾನೂ ಸೂಜಿ ಹಿಡಿದೆ. ಈಗ ಮನೆಯಲ್ಲಿ ಇಬ್ಬರೂ ಹೊಲಿಯುತ್ತೇವೆ. ಕೈ ದಪ್ಪ ಇದ್ದವರಿಗೆ ಯಾವ ಸೂಜಿ ಒಳ್ಳೆಯದು?

ಸೂಜಿಮಲ್ಲಿಗೆ

ಕೇಳಿ ಬಹಳ ಖುಷಿಯಾಯಿತು. ತುಂಡು ಕೂಡಿಸಲು "ಶಾರ್ಪ್ಸ್" ಎಂದು ಕೇಳಿ, 9 ಅಥವಾ 10 ನಂಬರ್. ನಂಬರ್ ಹೆಚ್ಚಾದಷ್ಟೂ ಸೂಜಿ ಸಣ್ಣ. ದಪ್ಪ ಕೈಗೆ 9 ಹಿಡಿತ ಸಿಗುತ್ತದೆ. ಪದರಗಳನ್ನು ಸೇರಿಸಿ ಹೊಲಿಯುವಾಗ "ಬಿಟ್ವೀನ್ಸ್" ಎಂಬ ಗಿಡ್ಡ ಸೂಜಿ ಬೇಕು. ನಡುಬೆರಳಿಗೆ ಲೋಹದ ಟೊಪ್ಪಿ ಹಾಕಿಕೊಳ್ಳಿ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ, ಉದ್ದವಾದರೆ ಸಿಕ್ಕು ಬೀಳುತ್ತದೆ, ಬಟ್ಟೆಯೊಳಗೆ ಹೋಗಿ ಬಂದು ಸವೆಯುತ್ತದೆ.

ಶಿರ್ವದ_ಸಿಲ್ವಿ

ಆರು ಮೂಲೆಯದಕ್ಕೆ ಕಾಗದದ ಅಚ್ಚು ಯಾವುದು ಬಳಸುತ್ತೀರಿ ಮಲ್ಪೆಯವರೇ? ನಾನು ಮದುವೆ, ಮದುವೆಗೆ ಮುಂಚಿನ ರೋಸ್ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸುತ್ತೇನೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ರಾಶಿ ಬರುತ್ತದೆ. ಹದವಾದ ದಪ್ಪ, ಮೂಲೆ ಚೂಪಾಗಿ ನಿಲ್ಲುತ್ತದೆ. ಬಟ್ಟೆಯನ್ನು ಅದರ ಮೇಲೆ ಮಡಚಿ, ಮೂಲೆಯ ಮಡಿಕೆಗೆ ಮಾತ್ರ ಟಾಕು ಹಾಕುವುದು, ಕಾಗದಕ್ಕೆ ಚುಚ್ಚದೆ. ಎರಡು ತುಂಡಿನ ಮುಖ ಸೇರಿಸಿ, ಅಂಚಿನ ಎರಡೇ ಎಳೆ ಹಿಡಿದು ಸುತ್ತಿ ಹೊಲಿಯುವುದು. ಸುತ್ತಲಿನ ಆರೂ ಬದಿಗೆ ನೆರೆಯ ತುಂಡು ಬಂದ ಮೇಲೆ ನಡುವಿನ ಕಾಗದ ತೆಗೆಯಬಹುದು. ಅದೇ ಕಾಗದ ಮತ್ತೆ ಮತ್ತೆ ಬರುತ್ತದೆ.

ನಡುವೆ 1, ಸುತ್ತ 6, ಅದರ ಸುತ್ತ 12. ಒಂದು ಹೂವಿಗೆ 19 ತುಂಡು. ಅಮೆರಿಕದಲ್ಲಿ 1930ರ ದಶಕದಲ್ಲಿ ಮನೆಮನೆಯಲ್ಲಿ ಹೊಲಿಯುತ್ತಿದ್ದ ಹೂದೋಟದ ನಮೂನೆ ಇದೇ. ಮೂರು ತುಂಡು ಒಂದೇ ಬಿಂದುವಿನಲ್ಲಿ ಕೂಡುವ ಇಂಥ ಕಡೆ ಮಷಿನಿನವರು ಒದ್ದಾಡುತ್ತಾರೆ, ಕೈಗೆ ಏನೂ ಕಷ್ಟವಿಲ್ಲ.

ಗಣಿತದ_ಮಾಸ್ಟ್ರು

ಮುಂದಿನ ಸುತ್ತಿಗೆ 18, ಅದರ ಮುಂದಿನದಕ್ಕೆ 24. ಪ್ರತಿ ಸುತ್ತಿಗೂ ಆರು ಹೆಚ್ಚು. ಬದಿ 1 ಅಂಗುಲ ಇದ್ದರೆ ಎದುರು ಬದುರು ಬದಿಗಳ ನಡುವಿನ ಅಗಲ ಸುಮಾರು 1.73 ಅಂಗುಲ. ಬಟ್ಟೆ ಕತ್ತರಿಸುವಾಗ ಇದಕ್ಕೆ ಅರ್ಧ ಅಂಗುಲ ಸೇರಿಸಿ.

ಮಲ್ಪೆ_ಬಲೆ

ಮಾಸ್ಟ್ರೇ, ನಾವು ಹಳೆಯ ಕ್ಯಾಲೆಂಡರ್ ಕಾಗದ ಬಳಸುತ್ತಿದ್ದೆವು. ಸಿಲ್ವಿ ಬಾಯಮ್ಮ ಹೇಳಿದ ಆಮಂತ್ರಣ ಪತ್ರಿಕೆ ಒಳ್ಳೆಯದು, ಇವತ್ತೇ ಹುಡುಕುತ್ತೇನೆ.

ಪರ್ಕಳ_ಪದ್ಮಿನಿ

ನನ್ನ ಅಜ್ಜಿಯ ಉಡುಪಿ ಸೀರೆ ಒಂದಿದೆ. ಚೌಕುಳಿ, ತೆಳು ಹತ್ತಿ, ಅಂಚು ಬೇರೆ ಬಣ್ಣ. ಉಡುವವರು ಇಲ್ಲ. ಇದನ್ನು ಕತ್ತರಿಸಿ ಬ್ಲಾಕ್ ಮಾಡಲೇ?

ಕಾರ್ಕಳ_ಕರಿಕಲ್ಲು

ಬೇಡ! ದಯವಿಟ್ಟು ಕತ್ತರಿ ಹಾಕಬೇಡಿ. ಕೈಮಗ್ಗದ ಉಡುಪಿ ಸೀರೆ ನೇಯುವವರು ಬೆರಳೆಣಿಕೆಗೆ ಇಳಿದಿದ್ದರು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರು, ಕದಿಕೆ ಟ್ರಸ್ಟಿನವರು ಶ್ರಮಪಟ್ಟು ಮತ್ತೆ ಮಗ್ಗಕ್ಕೆ ಜನರನ್ನು ತಂದಿದ್ದಾರೆ. ಹಳೆಯ ಸೀರೆ ಅವರಿಗೆ ನಮೂನೆಯಾಗಿ ಬೇಕಾಗಬಹುದು. ಒಮ್ಮೆ ತೋರಿಸಿ ಬನ್ನಿ.

ಶಿರ್ವದ_ಸಿಲ್ವಿ

ನಾನು ಒಪ್ಪುವುದಿಲ್ಲ. ಪೆಟ್ಟಿಗೆಯಲ್ಲಿ ಮಡಚಿಟ್ಟ ಸೀರೆ ಮಡಿಕೆಯಲ್ಲೇ ಸೀಳಿಹೋಗುತ್ತದೆ. ನಮ್ಮ ಮನೆಯಲ್ಲಿ ಅಮ್ಮಂದಿರ ಹಳೆಯ ಸೀರೆಯಿಂದಲೇ ವಾಕಳ (ನಮ್ಮ ಕೌದಿ) ಹೊಲಿಯುತ್ತಿದ್ದರು, ಹುಟ್ಟಿದ ಮಗುವನ್ನು ಅದರ ಮೇಲೇ ಮಲಗಿಸುತ್ತಿದ್ದರು. ಅಜ್ಜಿ ಇದ್ದಿದ್ದರೆ ಪೆಟ್ಟಿಗೆಯಲ್ಲಿ ಇರಲಿ ಎನ್ನುತ್ತಿದ್ದರೇ, ಮೊಮ್ಮಕ್ಕಳ ಮೈಮೇಲೆ ಇರಲಿ ಎನ್ನುತ್ತಿದ್ದರೇ?

ಕುಂದಾಪುರದ_ಶಾರದೆ

ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಪದ್ಮಿನಿ. ಕೆಳ ಅಂಚು, ನೆರಿಗೆ ಬೀಳುವ ಜಾಗ ಎಲ್ಲಕ್ಕಿಂತ ಮೊದಲು ಸವೆಯುತ್ತದೆ. ಸೆರಗು, ಸೊಂಟಕ್ಕೆ ಸಿಕ್ಕಿಸುವ ಒಳತುದಿ ಗಟ್ಟಿಯಾಗಿರುತ್ತದೆ. ಎರಡು ಹೆಬ್ಬೆರಳಿನ ನಡುವೆ ಮೆಲ್ಲನೆ ಎಳೆದಾಗ ಎಳೆ ಬಿಟ್ಟುಕೊಂಡರೆ ಆ ಭಾಗ ಯಾವುದಕ್ಕೂ ಆಗದು. ಸೀರೆ ಪೂರ್ತಿ ಗಟ್ಟಿ ಇದ್ದರೆ ಉಡಿ, ನೀವೇ ಉಡಿ. ನಡುವೆ ಹರಿದಿದ್ದರೆ ಗಟ್ಟಿ ಭಾಗದಿಂದ ಹೊಲಿಯಿರಿ, ಅಂಚನ್ನು ಮಾತ್ರ ತುಂಡರಿಸದೆ ಕೌದಿಯ ಸುತ್ತ ಪಟ್ಟಿಯಾಗಿ ಬಳಸಿ.

ಪರ್ಕಳ_ಪದ್ಮಿನಿ

ಬೆಳಕಿಗೆ ಹಿಡಿದು ನೋಡಿದೆ. ನೆರಿಗೆಯ ಕಡೆ ಜಾಳಾಗಿದೆ, ಸೆರಗು ಚೆನ್ನಾಗಿದೆ. ಮೊದಲು ಕಿನ್ನಿಗೋಳಿಗೆ ಹೋಗಿ ತೋರಿಸುತ್ತೇನೆ. ಕತ್ತರಿಯ ಮಾತು ಆಮೇಲೆ.

ಬಂಟ್ವಾಳದ_ಬೇಬಿ

ಯಕ್ಷಗಾನ ನೋಡುತ್ತ ಹೊಲಿಯುವವರು ಯಾರಾದರೂ ಇದ್ದೀರಾ? ರಾತ್ರಿಯಿಡೀ ಆಟಕ್ಕೆ ಹೋದಾಗ ಒಯ್ಯೋಣ ಎಂದುಕೊಂಡಿದ್ದೇನೆ.

ಅಳಪೆ_ಅಮ್ಮಿ

ಚೆಂಡೆ ಏರಿದಾಗ ಹೊಲಿಗೆಯ ಮೇಲೆ ಕಣ್ಣು ನಿಲ್ಲುತ್ತದೆಯೇ? ರಂಗಸ್ಥಳದ ಬೆಳಕು ಸಭೆಗೆ ಬೀಳುವುದೂ ಇಲ್ಲ. ಆಟಕ್ಕೆ ಹೋದರೆ ಆಟ ನೋಡಿ.

ಕದ್ರಿ_ಸೂಜಿದಾರ

ಎಲ್ಲವನ್ನೂ ಓದಿದೆ. ಹತ್ತಿಯ ಹಾಳೆ ಬಿಟ್ಟೆ. ಒಳಗೆ ಎರಡು ಪದರ ಸೀರೆ, ಅಡಿಗೆ ಅಮ್ಮನ ನೀಲಿ ಹೂವಿನ ಸೀರೆ. ಸಾದಾ ಚೌಕ ಕತ್ತರಿಸುವುದನ್ನು ಮಾಸ್ಟ್ರು ಹೇಳಿದಂತೆ ಕೊನೆಗೆ ಇಟ್ಟುಕೊಂಡಿದ್ದೇನೆ. ಕೆಂಪು ಪಾಪ್ಲಿನನ್ನು ತೊಳೆದು ಇಸ್ತ್ರಿ ಹಾಕಿ ನೋಡಿದೆ, ಬಿಳಿ ಬಟ್ಟೆಗೆ ಗುಲಾಬಿ ಅಂಟಿತು. ಅದನ್ನು ಪಕ್ಕಕ್ಕೆ ಇಟ್ಟಿದ್ದೇನೆ.

ಇನ್ನೊಂದು ಕೇಳಬೇಕು. ಎಲ್ಲ ಪದರ ಸೇರಿಸಿ ಹೊಲಿಯುವ ಮೊದಲು ತಾತ್ಕಾಲಿಕ ಟಾಕು ಹಾಕಲು ನಮ್ಮ ಫ್ಲ್ಯಾಟಿನಲ್ಲಿ ಅಷ್ಟು ಜಾಗವಿಲ್ಲ. ನೀವೆಲ್ಲ ಎಲ್ಲಿ ಹರಡಿಕೊಳ್ಳುತ್ತೀರಿ?

ಸುರತ್ಕಲ್_ಸುಮನಾ

ಅಪಾರ್ಟ್‌ಮೆಂಟಿನ ಟೆರೇಸ್, ಬೆಳಿಗ್ಗೆ ಗಾಳಿ ಏಳುವ ಮೊದಲು. ಅಡಿಯ ಸೀರೆಯ ನಾಲ್ಕು ಅಂಚನ್ನೂ ನೆಲಕ್ಕೆ ಟೇಪಿನಿಂದ ಬಿಗಿಯಾಗಿ ಅಂಟಿಸಿ, ಆಮೇಲೆ ಮೇಲಿನ ಪದರ ಹರಡಿ. ನಡುವಿನಿಂದ ಹೊರಗೆ ಟಾಕು ಹಾಕುತ್ತ ಬನ್ನಿ, ಒಂದು ಗೇಣಿಗೆ ಒಂದು ಸಾಲು.

ಶಿರ್ವದ_ಸಿಲ್ವಿ

ಇಲ್ಲವಾದರೆ ಇಗರ್ಜಿ ಸಭಾಂಗಣ, ಶಾಲೆಯ ಜಗಲಿ ಎಲ್ಲಿಯಾದರೂ ಕೇಳಿ ನೋಡಿ. ನಾವು ನಾಲ್ಕು ಜನ ಸೇರಿ ಭಾನುವಾರ ಪೂಜೆಯ ನಂತರ ಹಾಕಿದ್ದೆವು. ಒಬ್ಬರು ಒಂದೊಂದು ಮೂಲೆ ಹಿಡಿದರೆ ಕಾಫಿ ಆರುವ ಮೊದಲು ಮುಗಿಯುತ್ತದೆ.

ಬಿಜೈ_ಟೈಲರ್

ನನ್ನ ಅಂಗಡಿಯ ಕತ್ತರಿಸುವ ಮೇಜು ಎಂಟು ಅಡಿ ಉದ್ದ ಇದೆ. ಭಾನುವಾರ ಮಧ್ಯಾಹ್ನ ಖಾಲಿ. ಟಾಕು ದಾರವೂ ನನ್ನದೇ. ಬಂದು ಹಾಕಿಕೊಳ್ಳಿ.

ಕದ್ರಿ_ಸೂಜಿದಾರ

ಬರುತ್ತೇನೆ ಅಣ್ಣ. ಅತ್ತಿಗೆಯನ್ನೂ ಕರೆದುಕೊಂಡು ಬರುತ್ತೇನೆ, ಮೂಲೆ ಹಿಡಿಯಲು ಜನ ಬೇಕಲ್ಲ.